ಒಂಬತ್ತನೇ ಗೂಟದ ಹಕ್ಕಿ

ಅವನ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಂಶೋಧನಾ ಕೇಂದ್ರದ ಜೀಪ್ ಡ್ರೈವರನಿಂದ ಹಿಡಿದು ಮುಖ್ಯಸ್ಥೆ ಮೇಡಂವರೆಗೆ ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣ. ಕಿವಿ ದೊಡ್ಡದೇನಲ್ಲ, ಎಲ್ಲರಿಗೂ ಇರುವಷ್ಟೇ. ಆದರೆ ಆ ಕಿವಿಗೆ ಬಿದ್ದ ಹಕ್ಕಿ ತಪ್ಪಿಸಿಕೊಂಡದ್ದಿಲ್ಲ. ಡ್ರೈವರ್ ಗೇರಿನ ಜೊತೆ ಗುದ್ದಾಡುತ್ತಾ ಜೀಪು ಓಡಿಸುತ್ತಿರುವಾಗಲೇ ಇವನು "ಎಡಗಡೆ ಪೊದೇಲಿ ಎರಡಿವೆ" ಎಂದುಬಿಡುತ್ತಿದ್ದ. ಇಳಿದು ನೋಡಿದರೆ ಎರಡೇ ಇರುತ್ತಿದ್ದವು. "ಇವನ ಮುಂದೆ ಗುಟ್ಟು ಮಾತಾಡಬಾರದಪ್ಪ, ಪಟ್ಟೀಲಿ ಬರ್ಕೊಂಡ್ಬಿಡ್ತಾನೆ" ಎಂದು ಡ್ರೈವರ್ ನಗುತ್ತಿದ್ದ. ಒಳ್ಳೆಯ ಹೆಸರು ಬರುವುದು ಸುಲಭವಲ್ಲ. ಬಂದದ್ದನ್ನು ಹೊತ್ತುಕೊಂಡು ತಿರುಗುವುದು ಅದಕ್ಕಿಂತ ಕಷ್ಟ ಎಂಬುದು ಹೆಸರು ಬಂದ ಹೊಸತರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕೇಂದ್ರದಲ್ಲಿ ಅವನದು ಎರಡು ಬಗೆಯ ಕೆಲಸ. ಬಿಸಿಲೇರಿದ ಮೇಲೆ ಹಾವು-ಹಲ್ಲಿಯ ಕೆಲಸ. ಕುರುಚಲು ಕಾಡಿನ ನೆಲದ ಮೇಲೆ ಅಲ್ಲಲ್ಲಿ ಅರವತ್ತು ತಗಡು ಹಾಸಿದ್ದರು. ತಗಡು ಬೆಚ್ಚಗಾದರೆ ಅದರಡಿಗೆ ಹಲ್ಲಿ, ಹಾವರಾಣಿ, ಒಮ್ಮೊಮ್ಮೆ ಹಾವೂ ಬಂದು ಮಲಗುತ್ತವೆ. ಕೊಕ್ಕೆಯಿಂದ ತಗಡಿನ ಆಚೆ ಅಂಚನ್ನು ತನ್ನ ಕಡೆಗೆ ಎತ್ತಬೇಕು; ಹಾವಿದ್ದರೆ ಅದಕ್ಕೂ ತನಗೂ ನಡುವೆ ತಗಡು ಅಡ್ಡ ಇರುತ್ತದೆ. ಹಿಡಿದ ಹಲ್ಲಿಯನ್ನು ಬಟ್ಟೆಚೀಲದಲ್ಲಿ ತೂಗಿ, ಮೂತಿಯಿಂದ ಬಾಲದ ಬುಡದವರೆಗೆ ಅಳೆದು, ಹಿಡಿದ ಜಾಗದಲ್ಲೇ ಬಿಡಬೇಕು. ಬಾಲ ಕಳಚಿ ಕೈಗೆ ಬಂದರೆ ಹಿಡಿದವನ ಮಾನ ಹೋದ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಕಿವಿಯಣ್ಣನ ಕೈಗೆ ಬಂದದ್ದು ನಾಲ್ಕೇ ಬಾಲ. ನಾಲ್ಕು ಸಲವೂ ಅವನು ಪಟ್ಟಿಯ ಅಂಚಿನಲ್ಲಿ 'ನನ್ನ ತಪ್ಪು' ಎಂದು ಬರೆದಿಟ್ಟಿದ್ದ. ಅಂಥ ಮನುಷ್ಯ.

ಹಕ್ಕಿಯ ಕೆಲಸ ಬೆಳಕು ಹರಿಯುವ ಹೊತ್ತಿನದು. ಕಾಡಿನ ಉದ್ದಕ್ಕೂ ಹಳದಿ ಬಣ್ಣ ಬಳಿದ ಹನ್ನೆರಡು ಗೂಟ ನೆಟ್ಟಿದ್ದರು. ಒಂದೊಂದು ಗೂಟದ ಬಳಿಯೂ ಮೊದಲು ಒಂದು ನಿಮಿಷ ಅಲುಗಾಡದೆ ನಿಲ್ಲಬೇಕು. ಬಂದ ಸದ್ದಿಗೆ ಬೆದರಿದ ಹಕ್ಕಿಗಳು ಸಮಾಧಾನವಾದ ಮೇಲೆ ಹತ್ತು ನಿಮಿಷ ಕಿವಿಗೊಟ್ಟು, ಯಾವ ಹಕ್ಕಿ, ಎಷ್ಟು ಎಂದು ಪಟ್ಟಿ ತುಂಬಬೇಕು. ಪೊದೆಯ ಹಕ್ಕಿ ಕಣ್ಣಿಗೆ ಬೀಳುವುದು ಹತ್ತರಲ್ಲಿ ಒಂದು. ಉಳಿದ ಒಂಬತ್ತೂ ಕಿವಿಯ ಪಾಲು. ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಕಿವಿಯಣ್ಣ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಒಂದೇ.

"ಕೇಳಿಸಿದ್ದು ಬರೀರಿ, ಕಂಡದ್ದು ಬರೀರಿ. ಇರಬಹುದು ಅನ್ನಿಸಿದ್ದನ್ನ ಬರೀಬೇಡಿ. ಇರಬಹುದು ಅನ್ನೋದು ಹಕ್ಕಿಯಲ್ಲ, ಆಸೆ."

ಆ ಕಾಡಿನ ಹಕ್ಕಿಗಳಲ್ಲೆಲ್ಲ ಮೇಡಂಗೆ ಜೀವ ಸೂಜಿಹಕ್ಕಿಯ ಮೇಲೆ. ಪುಸ್ತಕದಲ್ಲಿ ಅದಕ್ಕೆ ನಾಲಿಗೆ ಹೊರಳದ ಹೆಸರೊಂದಿದೆ. ಇದು ಕೇಂದ್ರದವರು ಇಟ್ಟುಕೊಂಡದ್ದು. ಹೆಬ್ಬೆರಳಷ್ಟು ಗಾತ್ರ, ಒಣ ಎಲೆಯ ಬಣ್ಣ, ಕೂಗು ಮಾತ್ರ ಸೂಜಿಯ ಮೊನೆಯಷ್ಟು ತೆಳ್ಳಗೆ, ಅಷ್ಟೇ ಚೂಪು. ಇಡೀ ಕಾಡಿನಲ್ಲಿ ಅದು ಇದ್ದದ್ದು ಪೂರ್ವದ ಅಂಚಿನ ಪೊದೆಗಳಲ್ಲಿ ಮಾತ್ರ. ಮೂರು ವರ್ಷದ ಹಿಂದೆ ವಿದ್ಯುತ್ ಕಂಪನಿಯವರು ತಂತಿ ಎಳೆಯುವುದಕ್ಕೆಂದು ಅದೇ ಅಂಚಿನಲ್ಲಿ, ಎಂಟನೇ ಗೂಟದಿಂದ ಹನ್ನೆರಡರವರೆಗೆ, ಒಂದು ಪಟ್ಟೆ ಪೊದೆ ಕಡಿದರು. ಕಡಿಯುವ ಮುಂಚೆ ಮಾತು ಕೊಟ್ಟಿದ್ದರು: ಇದರಿಂದ ಸೂಜಿಹಕ್ಕಿ ಕಡಿಮೆಯಾದರೆ ಅಲ್ಲಿಗೇ ಕೈಬಿಡುತ್ತೇವೆ, ಕಡಿದ ಜಾಗದಲ್ಲಿ ಮತ್ತೆ ಗಿಡ ಹಾಕುತ್ತೇವೆ, ಕಡಿಮೆಯಾಗದಿದ್ದರೆ ಉಳಿದ ಪೊದೆಯನ್ನೂ ತೆಗೆದು ರಸ್ತೆ ಮಾಡುತ್ತೇವೆ. ಕಡಿಮೆಯಾಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ಕಿವಿಯಣ್ಣನ ಪಟ್ಟಿ.

ಆ ವರ್ಷದ ಚಳಿಗಾಲದಲ್ಲಿ ಮಗಳಿಗೆ ಜ್ವರ ಬಂತು. ಆಗ ಅವಳಿಗೆ ಹತ್ತು ವರ್ಷ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಾರದೋ ರವಿಕೆ ಸಂಜೆಯೊಳಗೆ ಕೊಡಬೇಕಿತ್ತು. ಕಿವಿಯಣ್ಣ ಮಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಬೀಪ್ ಎನ್ನುವುದನ್ನೇ ಕಾಯುತ್ತಾ ಕೂತ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಕೊನೆಗೆ ಹೆಂಡತಿಯೇ ಎದ್ದು ಬಂದಳು.

"ಏನ್ರೀ ಇದು? ಅದು ಆಗ್ಲೇ ಹೊಡ್ಕೊಂಡು ಸುಸ್ತಾಗಿ ಸುಮ್ಮನಾಯ್ತು. ಮಗು ಕಂಕುಳಲ್ಲಿ ಕಾವಿಗೆ ಇಟ್ಟಿದ್ದೀರಾ?"

"ಏನೋ ಯೋಚನೆ ಮಾಡ್ತಿದ್ದೆ ಕಣೇ" ಎಂದ.

ಆಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೈಗಡಿಯಾರದ ಅಲಾರಂ ಇಟ್ಟು ಕಿವಿಗೆ ಒತ್ತಿ ಹಿಡಿದ. ಬಲಕ್ಕೂ ಹಿಡಿದ, ಎಡಕ್ಕೂ ಹಿಡಿದ. ಗಡಿಯಾರ ಬೆರಳಿಗೆ ಸಣ್ಣಗೆ ಅದುರುವುದು ತಿಳಿಯುತ್ತಿತ್ತು. ಸದ್ದಿಲ್ಲ. ಮಾರನೆಯ ದಿನ ಕೇಂದ್ರದ ಕಪಾಟಿನಲ್ಲಿದ್ದ ದಪ್ಪ ಪುಸ್ತಕ ತೆಗೆದು ಓದಿದ. ವಯಸ್ಸಾದಂತೆ ಮೊದಲು ಹೋಗುವುದು ತೆಳ್ಳನೆಯ ಸದ್ದುಗಳಂತೆ. ಮಾತುಕತೆ ಬಹಳ ಕಾಲ ಕೇಳಿಸುತ್ತದಂತೆ. ಹಾಗಾಗಿ ಹೋಗಿದೆ ಎಂದು ಪಕ್ಕದವರಿಗೂ ತಿಳಿಯುವುದಿಲ್ಲವಂತೆ. ಕೊನೆಯ ಸಾಲು ಓದಿ ಅವನಿಗೆ ಒಂದು ತೆರನ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ನೆನೆದರೆ ಅವನಿಗೆ ಈಗಲೂ ಮೈ ಬಿಸಿಯಾಗುತ್ತದೆ.

ಕಣ್ಣು ಮಂದವಾದರೆ ಕನ್ನಡಕ ಹಾಕಿಕೊಂಡು ನಾಲ್ಕು ಜನರ ನಡುವೆ ಓಡಾಡುತ್ತೇವೆ. ಕಿವಿ ಮಂದವಾದರೆ ಯಾಕೋ ಕದ್ದ ಮಾಲಿನ ಹಾಗೆ ಮುಚ್ಚಿಡುತ್ತೇವೆ. ಅದರಲ್ಲೂ ಹೆಸರೇ ಕಿವಿಯಣ್ಣ ಆದಮೇಲೆ ಹೇಳುವುದಾದರೂ ಹೇಗೆ? ಹೇಳಿದ ದಿನ ಹೆಸರೂ ಹೋಗುತ್ತದೆ, ಕೆಲಸವೂ ಹೋಗುತ್ತದೆ ಎಂದುಕೊಂಡ. ನಾಳೆ ಹೇಳೋಣ ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂದು ಅವನ ಅಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಆ ವಸಂತದಲ್ಲಿ ಒಂಬತ್ತನೇ ಗೂಟದ ಬಳಿ ಅವನು ಹತ್ತು ನಿಮಿಷ ನಿಂತ. ಕಾಗೆ ಕೇಳಿಸಿತು, ಪಾರಿವಾಳ ಕೇಳಿಸಿತು, ದೂರದಲ್ಲಿ ಯಾರೋ ಸೌದೆ ಒಡೆಯುವುದು ಕೇಳಿಸಿತು. ಸೂಜಿಹಕ್ಕಿ ಕೇಳಿಸಲಿಲ್ಲ. ಹೊರಡಬೇಕು ಎನ್ನುವಾಗ ಎದುರಿನ ಮುಳ್ಳುಕಂಟಿಯ ತುದಿಗೆ ಒಂದು ಹಕ್ಕಿ ಹಾರಿ ಬಂದು ಕೂತು ಬಾಯಿ ತೆರೆಯಿತು. ಕತ್ತು ಅದುರುತ್ತಿತ್ತು, ಬಾಲ ನಡುಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಬಂತು. ಅವನು ಪಟ್ಟಿಯಲ್ಲಿ ಎರಡು ಎಂದು ಬರೆದ. ಅದು ನಿಜವೇ, ಕಂಡದ್ದೇ. ಹತ್ತನೇ ಗೂಟದಲ್ಲಿ ಏನೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲಿ ಎರಡಿರುತ್ತಿದ್ದವು. ಒಂಬತ್ತರಲ್ಲಿ ಇದ್ದಮೇಲೆ ಇಲ್ಲೆಲ್ಲಿ ಹೋಗುತ್ತವೆ, ನನ್ನ ಕಿವಿಯ ದೋಷಕ್ಕೆ ಅವುಗಳನ್ನ್ಯಾಕೆ ಇಲ್ಲವೆನ್ನಬೇಕು ಎಂದುಕೊಂಡು ಅಲ್ಲೂ ಎರಡು ಎಂದು ಬರೆದ. ಹಕ್ಕಿಗೆ ನ್ಯಾಯ ಮಾಡಿದೆ ಎಂದೇ ಅವನಿಗೆ ಅನ್ನಿಸಿತ್ತು. ಸುಳ್ಳು ಮೊದಲ ಸಲ ಬರುವಾಗ ಹೀಗೇ ಸಭ್ಯ ನೆಂಟನ ಹಾಗೆ ಬಾಗಿಲು ತಟ್ಟಿ ಬರುತ್ತದೆ.

ಆಮೇಲೆ ಶನಿವಾರ, ಭಾನುವಾರ ಮಗಳನ್ನು ಜೊತೆಗೆ ಕರೆದೊಯ್ಯತೊಡಗಿದ. ಹೆಂಡತಿಗೆ ಖುಷಿಯೋ ಖುಷಿ. ಅಪ್ಪನ ವಿದ್ಯೆ ಮಗಳಿಗೆ ಬರಲಿ ಎಂದು ರೊಟ್ಟಿ ಕಟ್ಟಿ ಕಳಿಸುತ್ತಿದ್ದಳು. ನಿಜ ಏನೆಂದರೆ ಅವನಿಗೆ ಒಂದು ಜೊತೆ ಕಿವಿ ಬೇಕಿತ್ತು. ದಾರಿಯುದ್ದಕ್ಕೂ ಅವಳಿಗೆ ಸೂಜಿಹಕ್ಕಿಯ ಕೂಗನ್ನು ಬಣ್ಣಿಸಿದ: ತೆಳ್ಳಗೆ, ಚೂಪಗೆ, ಮೂರು ಸಲ, ಆಮೇಲೆ ತುಸು ತಡೆದು ಇನ್ನೊಂದು ಸಲ. ಒಂಬತ್ತನೇ ಗೂಟದ ಬಳಿ ಅವಳು ಬಾಯಿ ಅರ್ಧ ತೆರೆದು, ಉಸಿರು ಬಿಗಿಹಿಡಿದು ನಿಂತಳು.

"ಕೇಳಿಸ್ತಾ ಮರಿ?"

"ಇಲ್ಲಪ್ಪ."

"ಸರಿಯಾಗಿ ಕೇಳು."

"ಏನೂ ಕೇಳಿಸ್ತಿಲ್ಲಪ್ಪ."

ಅವನಿಗೆ ಸಿಟ್ಟು ನೆತ್ತಿಗೇರಿತು. ಅದು ಸಿಟ್ಟಲ್ಲ, ಹೆದರಿಕೆ. ಹಕ್ಕಿ ನಿಜಕ್ಕೂ ಇಲ್ಲವೇನೋ ಎಂಬ ಹೆದರಿಕೆ. ಆದರೆ ಹೊರಗೆ ಬಂದದ್ದು ಸಿಟ್ಟಾಗಿಯೇ.

"ಕಿವೀಲಿ ಹತ್ತಿ ತುರುಕ್ಕೊಂಡಿದ್ದೀಯಾ? ಅಷ್ಟು ಸ್ಪಷ್ಟವಾಗಿ ಕೂಗ್ತಾ ಇದೆ. ಮನಸ್ಸು ಎಲ್ಲಿ ಇಟ್ಟಿದ್ದೀಯ? ಇನ್ಮೇಲೆ ಕಿವಿಯಣ್ಣನ ಮಗಳು ಅಂತ ಯಾರ ಹತ್ರಾನೂ ಹೇಳ್ಕೋಬೇಡ."

ಹುಡುಗಿ ಕೆಂಪಾದಳು. ತುಸು ಹೊತ್ತು ನೆಲ ನೋಡುತ್ತಾ ನಿಂತಿದ್ದು, ಆಮೇಲೆ ತಲೆಯೆತ್ತಿ ಮೆಲ್ಲಗೆ "ಹೂಂ, ಈಗ ಕೇಳಿಸ್ತು" ಎಂದಳು.

"ಎಷ್ಟು?"

"ಎರಡು?" ಎಂದು ಅವನ ಮುಖ ನೋಡಿದಳು.

"ಭೇಷ್" ಎಂದು ಬೆನ್ನು ತಟ್ಟಿ, ಎರಡು ಎಂದು ಬರೆದ. ಅಂದಿನಿಂದ ಅವನು ಕೇಳುವುದು, ಅವಳು ಹೂಂ ಎನ್ನುವುದು ಎರಡು ವರ್ಷ ನಡೆಯಿತು. ಅವಳು ಉತ್ತರ ಕೊಡುವ ಮುಂಚೆ ಪ್ರತಿ ಸಲವೂ ತನ್ನ ಮುಖ ನೋಡುತ್ತಾಳೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಮೂವತ್ತು ಅಡಿ ದೂರದ ಕಲ್ಲಿನ ಮೇಲೆ ಕಲ್ಲಿನದೇ ಬಣ್ಣದ ಹಲ್ಲಿ ಕಣ್ಣು ಮಿಟುಕಿಸಿದರೆ ಕಾಣುವವನಿಗೆ ಅದು ಕಾಣದೆ ಇರುತ್ತದೆಯೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂದು ನಗುತ್ತೇವೆ. ಕಣ್ಣು ತೆರೆದುಕೊಂಡೇ ಕುಡಿಯುವುದು ಮನುಷ್ಯನಿಗೆ ಮಾತ್ರ ಸಾಧ್ಯ.

ಎರಡು ವರ್ಷದ ಪಟ್ಟಿಗಳನ್ನು ಕೂಡಿಸಿ ಮೇಡಂ ವರದಿ ಬರೆದರು. ಪೊದೆ ಕಡಿದರೂ ಪೂರ್ವದ ಐದು ಗೂಟಗಳಲ್ಲಿ ಸೂಜಿಹಕ್ಕಿ ಕಡಿಮೆಯಾಗಿಲ್ಲ ಎಂಬುದು ಅದರ ಸಾರ. ವರದಿಯ ಮೊದಲ ಪುಟದಲ್ಲಿ ಕಿವಿಯಣ್ಣನಿಗೆ ವಂದನೆ ಹೇಳಿದ್ದರು. ಅದರ ಬಲದ ಮೇಲೆ ಉಳಿದ ಪೊದೆ ತೆಗೆಯುವುದಕ್ಕೂ ಅಪ್ಪಣೆ ಸಿಕ್ಕಿತು. ಅದನ್ನು ಕೇಳಿದ ಮರುದಿನ ಬೆಳಗ್ಗೆ ಎದ್ದು ತಗಡು ಎತ್ತಲು ಹೋದ, ಹನ್ನೊಂದು ಹಾವರಾಣಿ ಅಳೆದ, ಹನ್ನೊಂದನ್ನೂ ಸರಿಯಾಗಿ ಬರೆದ. ಈ ಕೆಲಸದಲ್ಲಿ ನಾನು ಕಳ್ಳನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳಬೇಕಾಯಿತು.

ಈ ವರ್ಷ ಮೇಡಂ ಹನ್ನೆರಡೂ ಗೂಟಗಳ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಧ್ವನಿಮುದ್ರಣದ ಯಂತ್ರ ಕಟ್ಟಿಸಿದರು. ನಲವತ್ತು ದಿನ ಬೆಳಗ್ಗೆ ಕೇಳಿದ ಸದ್ದನ್ನೆಲ್ಲ ಅದು ತುಂಬಿಕೊಂಡಿತು. ನಲವತ್ತೊಂದನೇ ದಿನ ಮೇಡಂ ಅವನನ್ನು ಕೋಣೆಗೆ ಕರೆದರು. ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ಅವನು ಬಂದರೆ ಕುರ್ಚಿ ಎಳೆದು ಕೊಡುತ್ತಿದ್ದರು.

"ಕಿವಿಯಣ್ಣ, ಒಂದು ವಿಚಿತ್ರ ನೋಡಿ. ಪೂರ್ವದ ಐದೂ ಡಬ್ಬೀಲಿ ಸೂಜಿಹಕ್ಕಿ ಒಂದ್ಸಲಾನೂ ಕೂಗಿಲ್ಲ. ನಲವತ್ತು ದಿನಾನೂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಕಿವಿಗೆ ಹೋಯಿತು. ಮೇಡಂ ಅದನ್ನು ಗಮನಿಸಲಿಲ್ಲ. ಅವರ ಅನುಮಾನ ಬೇರೆ ಕಡೆ ಇತ್ತು.

"ನಿಮ್ಮ ಪಟ್ಟೀಲಿ ಪ್ರತಿ ವಾರ ಇದೆ. ಡಬ್ಬಿ ಕೆಟ್ಟಿರಬೇಕು, ಅಲ್ವಾ? ಯಂತ್ರ ಅಂದ್ರೆ ಹೀಗೇ. ನಿಮ್ಮ ಕಿವಿ ಮುಂದೆ ಇವೆಲ್ಲ ಯಾವ ಲೆಕ್ಕ."

ಆ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೇಡಂ ತನ್ನನ್ನು ನಂಬಿ ಯಂತ್ರವನ್ನು ಬೈಯುತ್ತಿದ್ದಾರೆ ಎಂಬುದೇ ಅವನ ನಾಲಿಗೆಯನ್ನು ಕಟ್ಟಿಹಾಕಿತು. ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದನೋ ಏನೋ.

"ಇಬ್ಬನಿ ಇಳಿದಿರಬೇಕು ಮೇಡಂ" ಎಂದ.

ಡಬ್ಬಿ ಮಾರಿದವರಿಗೆ ಕಾಗದ ಹೋಯಿತು. ಮುಂದಿನ ಶನಿವಾರ ಮಧ್ಯಾಹ್ನ ಅವರ ಮೆಕ್ಯಾನಿಕ್ ಬಂದ. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹನ್ನೆರಡು ಡಬ್ಬಿಯನ್ನೂ ಮೇಡಂ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಬಿಚ್ಚಿ ನೋಡಿದ. ಕಿವಿಯಣ್ಣ ಬಾಗಿಲ ಬಳಿ ನಿಂತಿದ್ದ. ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಮಗಳು ಹೊರಗಿನ ಬೆಂಚಿನ ಮೇಲೆ ಕೂತು ಗಣಿತ ಮಾಡುತ್ತಿದ್ದಳು. ಸಂಜೆ ಅಪ್ಪನ ಸೈಕಲ್ಲಿನಲ್ಲಿ ಮನೆಗೆ ಹೋಗುವುದು ಅವಳ ರೂಢಿ.

"ಇಬ್ಬನಿಯೂ ಇಲ್ಲ, ಇರುವೆಯೂ ಇಲ್ಲ" ಎಂದ ಮೆಕ್ಯಾನಿಕ್. "ನನ್ನ ಡಬ್ಬಿಗೆ ಏನೂ ಆಗಿಲ್ಲ ಮೇಡಂ. ಬೇಕಾದ್ರೆ ಕೇಳಿ, ಇದು ಒಂಬತ್ತನೇ ಗೂಟದ್ದು, ಹೋದ ತಿಂಗಳು ಒಂದು ಭಾನುವಾರ."

ಲ್ಯಾಪ್‌ಟಾಪಿನಿಂದ ಒಣ ಎಲೆಯ ಸದ್ದು ಬಂತು. ಎರಡು ಜೊತೆ ಕಾಲಿನ ಸಪ್ಪಳ. ಬಹಳ ಹೊತ್ತು ಮೌನ. ಆಮೇಲೆ ಕಿವಿಯಣ್ಣನ ದನಿ, ಅವನಿಗೇ ಅಪರಿಚಿತವಾಗಿ, ಕೋಣೆ ತುಂಬಿತು: "ಅದೋ. ಕೇಳಿಸ್ತಾ ಮರಿ?" ಅದರ ಹಿಂದೆಯೇ ಮಗಳದು: "ಹೂಂ, ಕೇಳಿಸ್ತು."

"ನೋಡಿದ್ರಾ! ಮಗಳಿಗೂ ಕೇಳಿಸಿದೆ" ಎಂದರು ಮೇಡಂ.

"ಅದೇ ನಾನೂ ಹೇಳೋದು. ಅಪ್ಪಂಗೆ ಕೇಳಿಸ್ತು, ಮಗಳಿಗೆ ಕೇಳಿಸ್ತು. ಮಗಳ ಪಿಸುಮಾತು ಕೇಳಿಸಿಕೊಂಡ ಡಬ್ಬಿಗೆ ಹಕ್ಕಿ ಯಾಕೆ ಕೇಳಿಸಲಿಲ್ಲ?"

ಎಲ್ಲರೂ ಕಿವಿಯಣ್ಣನ ಕಡೆ ತಿರುಗಿದರು. ಮೆಕ್ಯಾನಿಕ್ ಕನ್ನಡಕದ ಮೇಲಿಂದ ನೋಡುತ್ತಿದ್ದ. ಆಗ ಕಿವಿಯಣ್ಣ ತನ್ನ ಜೀವಮಾನದಲ್ಲೇ ಅತ್ಯಂತ ಹೇಯವಾದ ಕೆಲಸ ಮಾಡಿದ. ತಾನು ಮುಳುಗುತ್ತಿರುವಾಗ ಕೈಗೆ ಸಿಕ್ಕ ಮಗುವಿನ ತಲೆಯ ಮೇಲೆ ಕಾಲಿಟ್ಟ.

"ಬೇಕಾದ್ರೆ ಅವಳನ್ನೇ ಕೇಳಿ. ಹೊರಗಡೆನೇ ಇದ್ದಾಳೆ" ಎಂದು ಬಾಗಿಲಿಗೆ ತಿರುಗಿ ಕೂಗಿದ. "ಮರೀ, ಬಾ ಇಲ್ಲಿ."

ಅವಳು ಪೆನ್ಸಿಲ್ ಹಿಡಿದುಕೊಂಡೇ ಒಳಗೆ ಬಂದಳು. ಮೇಡಂ ನಗುತ್ತಲೇ ಕೇಳಿದರು.

"ಒಂಬತ್ತನೇ ಗೂಟದ ಹತ್ರ ಸೂಜಿಹಕ್ಕಿ ಕೂಗಿದ್ದು ನಿಂಗೂ ಕೇಳಿಸ್ತೇನಮ್ಮ?"

ಹುಡುಗಿ ಅಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಲಿಲ್ಲ. ಆಡಿಸುವ ಅಗತ್ಯವೂ ಇರಲಿಲ್ಲ.

"ಕೇಳಿಸ್ತು ಆಂಟಿ."

"ಹೇಗೆ ಕೂಗ್ತು?"

"ತೆಳ್ಳಗೆ, ಚೂಪಗೆ. ಮೂರು ಸಲ. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಸಲ." ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಅವನು ಹೇಳಿಕೊಟ್ಟದ್ದು ಒಂದಕ್ಷರ ಬಿಡದೆ.

"ಮಕ್ಕಳು ಸುಳ್ಳು ಹೇಳಲ್ಲ ಸರ್. ನಿಮ್ಮ ಡಬ್ಬಿ ತಗೊಂಡು ಹೋಗಿ" ಎಂದರು ಮೇಡಂ.

ಮೆಕ್ಯಾನಿಕ್ ಜಗಳಗಂಟನಲ್ಲ. ಹೆಗಲು ಕುಣಿಸಿ ಲ್ಯಾಪ್‌ಟಾಪಿನ ಕಡೆ ಬಾಗಿದ. "ಆಗ್ಲಿ. ನಿಮ್ಮ ಕಚೇರೀಲೇ ಇರೋ ಹಳೇ ಮುದ್ರಣ ಇದೆ, ಸೂಜಿಹಕ್ಕೀದು, ಆರು ವರ್ಷ ಹಿಂದಿಂದು. ಇದನ್ನೊಂದು ಹಾಕ್ತೀನಿ. ಇದೇನಾ ಅಂತ ಮಗು ಹೇಳ್ಲಿ. ಹೌದು ಅಂದ್ರೆ ಡಬ್ಬೀನೆಲ್ಲ ಹೊತ್ಕೊಂಡು ಹೋಗ್ತೀನಿ."

ಅವನ ಬೆರಳು ಕೀಲಿಯ ಮೇಲೆ ಹೋಯಿತು. ಕಿವಿಯಣ್ಣ ಕಿವಿ ಕೊಟ್ಟು ನಿಂತ. ಫ್ಯಾನಿನ ಸದ್ದು ಕೇಳಿಸಿತು. ಹೊರಗೆ ಡ್ರೈವರ್ ಜೀಪಿಗೆ ನೀರು ಹೊಡೆಯುವುದು ಕೇಳಿಸಿತು. ಹಾಕಲಿ, ಮಗಳು ಹೌದು ಎನ್ನುತ್ತಾಳೆ, ಇದು ಇವತ್ತಿಗೆ ಮುಗಿಯುತ್ತದೆ ಎಂದು ಅವನು ಕಾಯುತ್ತಿದ್ದ.

ಮಗಳು ಹೌದು ಎನ್ನಲಿಲ್ಲ. ಅವಳ ಕೈಯ ಪೆನ್ಸಿಲ್ ಕೆಳಗೆ ಬಿತ್ತು. ಕಣ್ಣು ದೊಡ್ಡದಾಯಿತು. ಅವಳು ಓಡಿ ಬಂದು ಅಪ್ಪನ ತೋಳು ಹಿಡಿದು ಕುಣಿದುಬಿಟ್ಟಳು.

"ಅಪ್ಪ, ಕೇಳಿಸ್ತು! ನಂಗೆ ಕೇಳಿಸ್ತಪ್ಪ! ನನ್ನ ಕಿವಿ ಸರಿಯಾಗಿದೆ!"

"ಇರು ಮರಿ, ಇನ್ನೂ ಹಾಕೇ ಇಲ್ಲ" ಎಂದ ಕಿವಿಯಣ್ಣ.

ಮೆಕ್ಯಾನಿಕ್ ನಿಧಾನವಾಗಿ ಕೈ ಚಾಚಿ ಕೀಲಿ ಒತ್ತಿದ. ಮಗಳು ತಟ್ಟನೆ ಲ್ಯಾಪ್‌ಟಾಪಿನ ಕಡೆ ನೋಡಿದಳು. ಆಗ ಕಿವಿಯಣ್ಣನಿಗೆ ತಿಳಿಯಿತು, ನಿಂತದ್ದು ಈಗ ಎಂದು. ಅಷ್ಟು ಹೊತ್ತೂ ಹಕ್ಕಿ ಆ ಕೋಣೆಯಲ್ಲಿ ಕೂಗುತ್ತಿತ್ತು. ಅವನೊಬ್ಬನನ್ನು ಬಿಟ್ಟು ಎಲ್ಲರೂ ಕೇಳಿದ್ದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಹೀಗೆ ಇರುತ್ತದೆ. ಅವನ ಕಿವಿಯ ತುದಿ ಸುಡತೊಡಗಿತು. ನೋಡಬಾರದು ಎಂದುಕೊಂಡರೂ ಮೇಡಂ ಮುಖ ನೋಡಿದ. ಅವರು ಸಿಟ್ಟಾಗಿರಲಿಲ್ಲ. ಎರಡು ವರ್ಷದ ಪಟ್ಟಿಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹರಿದುಹಾಕುತ್ತಿರುವವರ ಹಾಗೆ ಮೇಜಿನ ಮೇಲೆ ಕಣ್ಣು ನೆಟ್ಟು ಕೂತಿದ್ದರು.

"ಎಷ್ಟು ದಿನದಿಂದ?" ಎಂದರು.

"ಮೂರು ವರ್ಷ ಆಯ್ತು ಮೇಡಂ. ತೆಳ್ಳನೆ ಸದ್ದು ಯಾವುದೂ ಕೇಳಿಸಲ್ಲ. ಇರ್ತಾವೆ ಅಂದ್ಕೊಂಡು ಬರೆದೆ."

"ಇರ್ತಾವೆ ಅಂದ್ಕೊಂಡು."

"ಹೌದು ಮೇಡಂ."

"ಮಗು?"

"ಅವಳಿಗೆ ಏನೂ ಗೊತ್ತಿಲ್ಲ ಮೇಡಂ. ನಾನು ಬೈದೆ. ಕೇಳಿಸಲ್ಲ ಅಂದಿದ್ದಕ್ಕೆ ಬೈದೆ. ಅವಳು ಹೇಳಿದ್ದೇ ಸರಿಯಾಗಿತ್ತು."

ಮಗಳು ಇನ್ನೂ ಅವನ ತೋಳು ಹಿಡಿದೇ ಇದ್ದಳು. ಹಿಡಿತ ಸಡಿಲವಾಯಿತು. ಅವಳು ಒಂದು ಸಲ ಅವನನ್ನೂ ಒಂದು ಸಲ ಮೇಡಂನನ್ನೂ ನೋಡಿದಳು. ಮೆಕ್ಯಾನಿಕ್ ಬಾಗಿ ಪೆನ್ಸಿಲ್ ಎತ್ತಿ ಅವಳ ಕೈಗೆ ಕೊಟ್ಟು, ಡಬ್ಬಿಗಳನ್ನು ಅಲ್ಲೇ ಬಿಟ್ಟು, ಟೀ ಕುಡಿದು ಬರುತ್ತೇನೆ ಎಂದು ಹೊರಗೆ ಹೋದ. ಒಳ್ಳೆಯ ಮನುಷ್ಯ. ಗೆದ್ದವನ ಮುಖ ತೋರಿಸಲಿಲ್ಲ.

"ಒಂದು ಮಾತು ಹೇಳ್ಬಾರದಿತ್ತಾ ಕಿವಿಯಣ್ಣ?" ಮೇಡಂ ಕೇಳಿದರು. "ಕಿವಿ ಮಂದ ಆಗಿದೆ ಅಂದಿದ್ರೆ ಹಾವು-ಹಲ್ಲಿ ಕೆಲಸ ಪೂರ್ತಿ ನಿಮಗೇ ಕೊಡ್ತಿದ್ದೆ. ನಿಮ್ಮಷ್ಟು ಚೆನ್ನಾಗಿ ಅದನ್ನ ಮಾಡೋರು ಯಾರಿದ್ದಾರೆ? ಈಗ ಅದನ್ನೂ ಹೇಗೆ ಕೊಡ್ಲಿ? ನೀವು ಬರೆದ ಹಾವರಾಣೀನೂ ನಿಜವೋ ಸುಳ್ಳೋ ಅಂತ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

"ಅವೆಲ್ಲ ನಿಜ ಮೇಡಂ."

"ಸೂಜಿಹಕ್ಕೀನೂ ನಿಜ ಅಂತಾನೇ ಒಂದು ಗಂಟೆ ಹಿಂದೆ ನಂಬಿದ್ದೆ."

ಅರವತ್ತು ತಗಡು, ಇಪ್ಪತ್ತೆರಡು ವರ್ಷ, ಬಿಸಿಲಲ್ಲಿ ಮಂಡಿಯೂರಿ ಅಳೆದ ಸಾವಿರಾರು ಹಲ್ಲಿಗಳು. 'ನನ್ನ ತಪ್ಪು' ಎಂದು ಬರೆದಿಟ್ಟ ನಾಲ್ಕು ಬಾಲಗಳೂ ಸೇರಿ ಯಾವುದಕ್ಕೂ ಇನ್ನು ಸಾಕ್ಷಿಯಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅವನ ಮಾನ ಹೋದದ್ದು ಹೆಬ್ಬೆರಳಷ್ಟು ದೊಡ್ಡ ಹಕ್ಕಿಗೆ.

"ಪೊದೆ ಕಡಿಯೋದನ್ನ ನಿಲ್ಲಿಸ್ಬಹುದಲ್ವಾ ಮೇಡಂ? ತಪ್ಪು ನಂದು ಅಂತ ನಾನೇ ಬರೆದುಕೊಡ್ತೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಮೇಡಂ ಅವನ ಮುಂದೆ ಒಂದು ಬಿಳಿ ಹಾಳೆ ತಳ್ಳಿದರು. "ಬರೀರಿ. ನಾನೂ ಬರೀತೀನಿ. ಆದ್ರೆ ಕೊಟ್ಟ ಮಾತು ಮರೆತು ಕಂಪನಿಯವರು ಏನು ಕೇಳ್ತಾರೆ ಗೊತ್ತಾ? ಹಕ್ಕಿಗೋಸ್ಕರ ಪೊದೆ ಉಳಿಸಿ ಅಂದ್ರಿ. ಈಗ ಹಕ್ಕೀನೇ ಇಲ್ಲ ಅಂತೀರಿ. ಪೊದೆ ಯಾಕೆ, ಅಂತಾರೆ."

ಅವನು ಬರೆದ. ಮೂರು ವರ್ಷದ ಹಿಂದಿನ ಥರ್ಮಾಮೀಟರಿನಿಂದ ಹಿಡಿದು ಇವತ್ತಿನವರೆಗೆ, ಒಂದನ್ನೂ ಮುಚ್ಚಿಡದೆ. ಕೊನೆಗೆ, ಮಗಳ ಮಾತಿಗೆ ಮಗಳು ಹೊಣೆಯಲ್ಲ ಎಂದು ಬರೆದು ರುಜು ಹಾಕಿದ. ಬಹಳ ದಿನದ ಮೇಲೆ ತನ್ನ ಸ್ವಂತ ಹೆಸರು ಬರೆಯುವಾಗ ಕೈ ತಡವರಿಸಿತು. ಮೇಡಂ ಹಾಳೆ ತೆಗೆದುಕೊಂಡರು. ಸೋಮವಾರ ಬರಬೇಕೋ ಬೇಡವೋ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಪ್ಪ-ಮಗಳು ಗೇಟು ದಾಟಿದರು. ಅವನು ಸೈಕಲ್ ಹತ್ತದೆ ತಳ್ಳಿಕೊಂಡು ನಡೆದ. ಅವಳು ಬ್ಯಾಗು ಬೆನ್ನಿಗೇರಿಸಿಕೊಂಡು, ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಹಿಂದಿನಿಂದ ಅವಳೇ ಮಾತಾಡಿದಳು.

"ನನ್ನ ಕಿವೀಲಿ ಏನೋ ತೊಂದರೆ ಇದೆ ಅಂದ್ಕೊಂಡಿದ್ದೆ ಅಪ್ಪ. ಶಾಲೇಲಿ ಟೀಚರ್‌ಗೆ ಹೇಳಿ ಮುಂದಿನ ಬೆಂಚಿಗೆ ಹೋಗಿದ್ದೆ. ಅಮ್ಮಂಗೆ ಹೇಳಿದ್ರೆ ನಿಂಗೆ ಗೊತ್ತಾಗುತ್ತೆ ಅಂತ ಹೇಳಿರ್ಲಿಲ್ಲ. ನಿಂಗೆ ಬೇಜಾರಾಗುತ್ತೆ ಅಂತ."

ಸೈಕಲ್ ನಿಂತಿತು. ಎರಡು ವರ್ಷ ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ ಊಟ ಮಾಡುತ್ತಾ, ತಾನು ಮುಚ್ಚಿಟ್ಟುಕೊಂಡ ನಾಚಿಕೆಯನ್ನೇ ಈ ಮಗುವಿನ ತಲೆಗೆ ಕಟ್ಟಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಅವನು ಹೊತ್ತದ್ದು ಇದ್ದ ಕುಂದನ್ನು. ಅವಳು ಹೊತ್ತದ್ದು ಇಲ್ಲದ್ದನ್ನು.

"ತಪ್ಪಾಯ್ತು ಮರಿ" ಎಂದ. "ನಿನ್ನ ಕಿವಿ ಚೆನ್ನಾಗಿದೆ. ಮೊದಲಿಂದಾನೂ ಚೆನ್ನಾಗೇ ಇತ್ತು."

ಅವಳು ಸೈಕಲ್ಲಿನ ಪಕ್ಕಕ್ಕೆ ಬಂದು, ಅವನ ಜೊತೆ ಸ್ವಲ್ಪ ದೂರ ನಡೆದಳು.

"ಅಪ್ಪ, ಒಂಬತ್ತನೇ ಗೂಟದ ಹತ್ರ ಈಗ ಆ ಹಕ್ಕಿ ಇಲ್ವಾ?"

"ಇಲ್ಲ ಮರಿ."

"ಮೊದಲು ಇತ್ತಾ?"

"ಇತ್ತು. ನಾನೇ ನೋಡಿದ್ದೆ. ಎರಡಿದ್ವು."

"ಮತ್ತೆ ಯಾವಾಗ ಹೋದ್ವು?"

ಕಿವಿಯಣ್ಣ ಲೆಕ್ಕ ಹಾಕಿ ನೋಡಿದ. ಕಳೆದ ವರ್ಷವೋ, ಅದರ ಹಿಂದಿನ ವರ್ಷವೋ, ಪೊದೆ ಕಡಿದ ಮರುತಿಂಗಳೋ, ಅಥವಾ ತಾನು ಈ ಮಗುವನ್ನು ಬೈದ ಆ ಬೆಳಗಿನ ಮುಂಚೆಯೋ. ಪ್ರತಿ ವಾರವೂ ಅವನು ಅಲ್ಲಿ ಹತ್ತು ನಿಮಿಷ ನಿಂತಿದ್ದ. ಪ್ರತಿ ವಾರವೂ ಬರೆದಿದ್ದ.

"ಗೊತ್ತಿಲ್ಲ ಮರಿ" ಎಂದ. ಅದನ್ನು ತಿಳಿಯುವುದಕ್ಕೆಂದೇ ಅವನನ್ನು ಅಲ್ಲಿ ನಿಲ್ಲಿಸಿದ್ದರು.